ಯಂತ್ರ ಓದದ ಸಾಲುಗಳು

"ಹದಿನೇಳು ಅಲ್ಲ ಕಣೋ, ನೂರ ಹದಿನೇಳು" ಎಂದು ಅವಳು ಪರದೆಗೆ ಗದರಿ, ಯಾರಾದರೂ ಕೇಳಿಸಿಕೊಂಡರೇ ಎಂದು ಹಿಂದೆ ತಿರುಗಿ ನೋಡಿದಳು. ನಕ್ಷೆ ಬರೆಯುವ ಹಾಲಿಗೆ ಇನ್ನೂ ಯಾರೂ ಬಂದಿರಲಿಲ್ಲ. ಮೂವತ್ತೆರಡು ಮೇಜು, ಮೂವತ್ತೆರಡು ಯಂತ್ರ, ಕುರ್ಚಿಗಳ ಬೆನ್ನಿಗೆ ನಿನ್ನೆ ಮರೆತುಹೋದ ಎರಡು ಸ್ವೆಟರು. ಹನ್ನೊಂದು ಗಂಟೆಗೆ ನಿರ್ದೇಶಕರು ಬರುತ್ತಾರೆ. ಅವರ ಮುಂದೆ ಒಂದು ಯಂತ್ರವನ್ನು, ಯಾರೂ ಕೀಲಿಮಣೆ ಮುಟ್ಟದೆ, ಯಾವ ಸೀಡಿಯನ್ನೂ ಹಾಕದೆ, ತಂತಿಯ ಮೂಲಕವೇ, ಯಂತ್ರಗಳನ್ನೆಲ್ಲ ನಡೆಸುವ ಯುನಿಕ್ಸಿನ ಹೊಸ ಆವೃತ್ತಿಗೆ ಏರಿಸಿ ತೋರಿಸಬೇಕು. ಮೂರು ವಾರದಿಂದ ಅವಳು ಕಟ್ಟಿದ್ದು ಅದನ್ನೇ. ಒಳಕೋಣೆಯ ಸರ್ವರ್ ಇಡೀ ಯುನಿಕ್ಸನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೂತಿತ್ತು. ಹಾಲಿನ ಯಂತ್ರ ಏಳುವಾಗ ತಂತಿಯ ಮೇಲೆ ಕೂಗಿ ಕೇಳುತ್ತದೆ: ನನ್ನ ವಿಳಾಸ ಏನು, ನಾನು ಏನಾಗಬೇಕು, ಯಾರಾದರೂ ಹೇಳಿ. ಸರ್ವರ್ ಪಟ್ಟಿ ನೋಡುತ್ತದೆ. ಕಾರ್ಖಾನೆಯಲ್ಲೇ ಕೊಟ್ಟ ಹನ್ನೆರಡು ಅಕ್ಷರದ ಹುಟ್ಟುಮಚ್ಚೆಯಿಂದ ಯಂತ್ರವನ್ನು ಗುರುತು ಹಿಡಿದು ನೀನು ನೂರ ಹದಿನೇಳು, ತಗೋ ಇದನ್ನು, ಹೀಗೆ ಮಾಡು ಎಂದು ಉತ್ತರ ಕೊಡುತ್ತದೆ. ಅಷ್ಟೇ ಕೆಲಸ. ಆದರೆ ಇವತ್ತು ಬೆಳಿಗ್ಗೆ ಯಾರೋ ಅವಳ ಸರ್ವರಿಗಿಂತ ಮೊದಲು ಉತ್ತರ ಕೊಟ್ಟಿದ್ದರು. ಅವಳು ಗುಂಡಿ ಒತ್ತಿ ಯಂತ್ರವನ್ನು ಮತ್ತೆ ಏಳಿಸಿದಳು. ಈ ಸಲ ನೂರ ಹದಿನೇಳು ಸರಿಯಾಗಿ ಬಂತು. ಇನ್ನೊಂದು ಸಲ ಏಳಿಸಿ ನೋಡುವ ಧೈರ್ಯ ಅವಳಿಗೆ ಬರಲಿಲ್ಲ.

ಧೈರ್ಯವಲ್ಲ, ಸಮಯ ಎಂದು ತನಗೆ ತಾನೇ ತಿದ್ದಿಕೊಂಡಳು. ಹೀಗೆ ತಿದ್ದಿಕೊಳ್ಳುವುದು ಎರಡು ವರ್ಷದಿಂದ ಚಟವಾಗಿತ್ತು. ಅವಳು ಕೂತ ಕುರ್ಚಿ ಕಿರುಗುಟ್ಟುತ್ತದೆ. ಅದು ಭಾವನ ಕುರ್ಚಿ. ಭಾವ ಎಂದರೆ ಗಂಡನ ಅಣ್ಣ, ಇಡೀ ಕಚೇರಿ 'ಯುನಿಕ್ಸಜ್ಜ' ಎಂದು ಕರೆಯುತ್ತಿದ್ದ ಮನುಷ್ಯ, ಅವಳನ್ನು ಕೈಹಿಡಿದು ಈ ಕೆಲಸಕ್ಕೆ ತಂದವರು. ಅವಳಿಗೆ ಸಿಕ್ಕ ಹೆಸರು 'ಸರ್ವರಮ್ಮ'. ಅಜ್ಜ ಹೋದ ಮೇಲೆ ಅಮ್ಮ ಬಂದಳು ಎಂದು ನಕ್ಷೆ ಬರೆಯುವವರು ನಗುತ್ತಾರೆ, ಎದುರಿಗೇ ನಗುತ್ತಾರೆ. ಅಜ್ಜ ಹೋದದ್ದಲ್ಲ, ಕಳಿಸಿದ್ದು, ನಿವೃತ್ತಿಗೆ ಎಂಟು ತಿಂಗಳು ಇರುವಾಗ. ನಕ್ಷೆಗಳಿದ್ದ ದೊಡ್ಡ ಡಿಸ್ಕು ಸತ್ತು ಮೂರು ವಾರ ಅರ್ಧ ಕಚೇರಿ ಕೈಕಟ್ಟಿ ಕೂತಾಗ ವಿಚಾರಣೆ ಸಮಿತಿ ಒಂದೇ ಪ್ರಶ್ನೆ ಕೇಳಿತ್ತು: ಈ ವ್ಯವಸ್ಥೆಯನ್ನು ಹೇಗೆ ಕಟ್ಟಿದೆ ಎಂಬುದಕ್ಕೆ ಲಿಖಿತ ದಾಖಲೆ ಏನಾದರೂ ಇದೆಯೇ? ಅವಳು ಬರೆದುಕೊಟ್ಟಿದ್ದಳು: 'ನನಗೆ ತಿಳಿದ ಮಟ್ಟಿಗೆ ಯಾವ ಲಿಖಿತ ದಾಖಲೆಯೂ ಇರುವುದಿಲ್ಲ.' ಕೆಳಗೆ ಸಹಿ, ತಾರೀಖು. ಅದೊಂದೇ ವಾಕ್ಯದ ಮೇಲೆ ಮೂವತ್ತು ವರ್ಷ ದುಡಿದ ಮನುಷ್ಯನನ್ನು 'ಕರ್ತವ್ಯಲೋಪ' ಎಂದು ಮನೆಗೆ ಕಳಿಸಿದರು. ಮನೆ ಎಂದರೆ ಇವಳ ಮನೆಯೇ. ಮಹಡಿ ಮೇಲೆ ಇವಳು, ಇವಳ ಗಂಡ, ಕೆಳಗೆ ಭಾವ, ಇವಳು ಅಕ್ಕ ಎಂದು ಕರೆಯುವ ಅವರ ಹೆಂಡತಿ, ಅಡುಗೆ ಒಂದೇ.

ಇವತ್ತು ಬೆಳಿಗ್ಗೆಯೂ ಅಕ್ಕ ತನ್ನ ಗಂಡನ ಮುಂದೆ ಚಹದ ಲೋಟವನ್ನು ಕುಕ್ಕಿ ಇಟ್ಟಿದ್ದಳು. ಲೋಟದಿಂದ ಚೆಲ್ಲಿದ್ದನ್ನು ಭಾವ ತಮ್ಮ ಬನಿಯನ್ನಿನ ಅಂಚಿನಿಂದ ಒರೆಸಿದರು. "ಒಂದು ಪುಸ್ತಕ ತಗೊಂಡು ಬರೆದಿಡೋಕೆ ಇವರಿಗೇನು ಕೈ ಮುರಿದುಹೋಗಿತ್ತಾ?" ಎಂದು ಅಕ್ಕ ಗೋಡೆಗೆ ಕೇಳಿದ್ದಳು. ಎರಡು ವರ್ಷದಿಂದ ಅವಳು ಗಂಡನ ಜೊತೆ ಆಡುವ ಮಾತೆಲ್ಲ ಗೋಡೆಯ ಮೂಲಕವೇ. ಆಮೇಲೆ ಇವಳ ಕಡೆ ತಿರುಗಿ, ದನಿ ಪೂರ್ತಿ ಬದಲಾಯಿಸಿ, "ನೀನು ಇನ್ನೊಂದು ಲೋಟ ಕುಡಿದು ಹೋಗೇ, ಇಡೀ ದಿನ ಆ ಯಂತ್ರಗಳ ಜೊತೆ ಗುದ್ದಾಡಬೇಕು" ಎಂದಿದ್ದಳು. ಭಾವ ತಲೆ ಎತ್ತಲಿಲ್ಲ. ಬೈಯಲಿ ಎಂದು ಅವಳು ಎಷ್ಟು ದಿನ ಕಾದಿದ್ದಾಳೆ! ಒಂದು ಸಲ, ಒಂದೇ ಸಲ, ಮೆಟ್ಟಿಲ ಮೇಲೆ ಸಿಕ್ಕಾಗ, ನೀನು ಉಂಡ ಮನೆಗೆ ಎರಡು ಬಗೆದವಳು ಎಂದು ಬೈದಿದ್ದರೆ ಅವಳಿಗೂ ತಿರುಗಿ ಬೈಯಲು ಒಂದು ದಾರಿ ಸಿಗುತ್ತಿತ್ತು. ಆ ಮನುಷ್ಯ ಸುಮ್ಮನಿದ್ದೇ ಕೊಲ್ಲುತ್ತಾರೆ. ಲೋಟ ಒರೆಸುತ್ತಾ, ಪೇಪರು ಮಡಿಸುತ್ತಾ, ಇವಳು ಬಂದರೆ ಕಾಲು ಹಿಂದಕ್ಕೆಳೆದು ದಾರಿ ಬಿಡುತ್ತಾ. ಒಳ್ಳೆಯವರ ಮೇಲೆ ಬರುವ ಸಿಟ್ಟಿನಂಥ ಕೆಟ್ಟ ಸಿಟ್ಟು ಇನ್ನೊಂದಿಲ್ಲ ಎಂದು ಅವಳಿಗೆ ಅನ್ನಿಸಿತು, ಅನ್ನಿಸಿದ್ದಕ್ಕೂ ಸಿಟ್ಟು ಬಂತು.

ಹನ್ನೊಂದಕ್ಕೆ ಐದು ನಿಮಿಷ ಇರುವಾಗಲೇ ನಿರ್ದೇಶಕರು ಬಂದರು, ಹಿಂದೆ ನಕ್ಷೆಯವರ ಹಿಂಡು. ಅವರು ಕಿಸೆಯಲ್ಲಿ ಎರಡೂ ಕೈ ಇಳಿಬಿಟ್ಟು, "ಹ್ಞೂಂ, ನಿಮ್ಮ ಮಂತ್ರ ಶುರುವಾಗ್ಲಿ ಮೇಡಂ" ಎಂದರು. ಅವಳು ಗುಂಡಿ ಒತ್ತಿ ಕೈಯನ್ನು ಬೆನ್ನ ಹಿಂದೆ ಕಟ್ಟಿದಳು. ಮುಟ್ಟುವುದಿಲ್ಲ ನೋಡಿ ಎಂದು ತೋರಿಸಲು ಕಟ್ಟಿದ ಕೈ ಬೆವರುತ್ತಿತ್ತು. ಯಂತ್ರ ಕೂಗಿತು. ಪರದೆಯ ಮೂಲೆಯಲ್ಲಿ ಹದಿನೇಳು ಮೂಡಿತು. ಅವಳು ಗುಂಡಿಯ ಕಡೆ ಕೈ ಚಾಚುವಷ್ಟರಲ್ಲಿ ಪರದೆ ಕಪ್ಪಾಗಿ, ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡ ಒಂದೊಂದೇ ಸಾಲು ಇಳಿಯತೊಡಗಿತು: 'ತಾಳಿದವನು ಬಾಳಿಯಾನು. ಡಿಸ್ಕು ಒರೆಸುತ್ತಿದ್ದೇನೆ. ಅವಸರ ಮಾಡಬೇಡಿ, ಕೂತಿರಿ.' ಅದರ ಕೆಳಗೆ ಹತ್ತು ವರ್ಷದ ಹಿಂದಿನ ಯುನಿಕ್ಸಿನ ಆವೃತ್ತಿ ಸಂಖ್ಯೆ. ಆಮೇಲೆ ಹದಿನೇಳನೇ ಮೇಜಿನ ಎಡಗೈಯವನು "ಅಯ್ಯೋ, ಅಜ್ಜ ಬಂದ್ರು!" ಎಂದ, ಎಲ್ಲರೂ ಹೋ ಎಂದು ನಕ್ಕರು. ನಿರ್ದೇಶಕರೂ ನಕ್ಕರು, ನಕ್ಕು ಮುಗಿಸಿ ಗಡಿಯಾರ ನೋಡಿದರು. "ಮೂರು ವಾರ ತಗೊಂಡು ನೀವು ನಮ್ಮನ್ನ ಹತ್ತು ವರ್ಷ ಹಿಂದಕ್ಕೆ ಕರ್ಕೊಂಡು ಹೋದ್ರಿ. ಭೇಷ್. ನಾಳೆ ಬೆಳಿಗ್ಗೆ ಮೂವತ್ತೆರಡೂ ಹೊಸದರಲ್ಲಿ ಏಳ್ಬೇಕು. ಇಲ್ಲಾಂದ್ರೆ ಹೊರಗಿನವರನ್ನ ಕರೆಸ್ತೀನಿ." ಅವರು ಹೋದ ಮೇಲೂ ನಗು ಮೇಜಿನಿಂದ ಮೇಜಿಗೆ ಹೋಗುತ್ತಿತ್ತು. ಅವಳ ಕಿವಿ ಸುಡುತ್ತಿತ್ತು. ಪರದೆಯ ಮೇಲೆ 'ಕೂತಿರಿ' ಎಂಬ ಮಾತು ಹಾಗೆಯೇ ನಿಂತಿತ್ತು.

ಯಂತ್ರಗಳಿಗೆ ಯುನಿಕ್ಸು ಹಾಕುತ್ತಿದ್ದ ಭಾವನ ಹಳೆಯ ಸರ್ವರ್ ಬದುಕಿದೆ. ಅದು ಗುಜರಿಗೆ ಹೋಯಿತೆಂದೇ ಅವಳು ನಂಬಿದ್ದಳು. ಭಾವನನ್ನು ಕಳಿಸಿದ ತಿಂಗಳೇ ಕಚೇರಿಯವರು ಹಳೆಯ ಸಾಮಾನನ್ನೆಲ್ಲ ಲಾರಿಗೆ ತುಂಬಿಸಿದ್ದರು. ಇಷ್ಟು ದಿನ ಯಾವ ಯಂತ್ರವೂ ತಂತಿಯ ಮೇಲೆ ಏನೂ ಕೇಳಿರಲಿಲ್ಲ, ಎಲ್ಲವೂ ತಮ್ಮ ತಮ್ಮ ಡಿಸ್ಕಿನಿಂದ ಏಳುತ್ತಿದ್ದವು. ಕೇಳುವವರೇ ಇಲ್ಲದ ಕಾರಣ ಅದೂ ಬಾಯಿ ಬಿಟ್ಟಿರಲಿಲ್ಲ. ಮೂರು ವಾರ ಅವಳು ಪರೀಕ್ಷೆ ಮಾಡಿದ್ದೂ ಒಳಕೋಣೆಯ ಬೇರೆ ತಂತಿಯ ಮೇಲೆ. ಇವತ್ತು ಹಾಲಿನ ತಂತಿಯ ಮೇಲೆ ಕೇಳಿದರು, ಹೇಳಿತು. ಅವಳು ಒಳಕೋಣೆಯ ಬಾಗಿಲು ಹಾಕಿಕೊಂಡು ಫೋನು ತೆಗೆದುಕೊಂಡಳು. ಮನೆಗೆ ಫೋನು ಮಾಡಿ ಭಾವನನ್ನು ಕೇಳುವುದಕ್ಕಿಂತ ಕತ್ತೆ ಕಾಲು ಹಿಡಿಯುವುದು ವಾಸಿ ಎಂದುಕೊಂಡಳು. ಎಂದುಕೊಳ್ಳುತ್ತಲೇ ನಂಬರು ಒತ್ತಿದಳು. ಬೇಕಾದಾಗಲೆಲ್ಲ ಆ ಮನುಷ್ಯನನ್ನು ಕೇಳಿದ್ದಾಳೆ, ಕೇಳಿ ಕೇಳಿ ಕಲಿತಿದ್ದಾಳೆ, ಕಲಿತದ್ದನ್ನೆಲ್ಲ ಬರೆದುಕೊಟ್ಟ ಆ ಒಂದು ಸಾಲು ನುಂಗಿಹಾಕಿದೆ.

"ಭಾವ, ನಾನು."

"ಹ್ಞಾಂ."

"ನಿಮ್ಮ ಹಳೇ ಇನ್ಸ್ಟಾಲ್ ಸರ್ವರ್ ಎಲ್ಲಿದೆ? ಅದು ನನ್ನದಕ್ಕಿಂತ ಮೊದಲು ಉತ್ತರ ಕೊಡ್ತಿದೆ."

ಅತ್ತ ಕಡೆ ಅಕ್ಕ ಪಾತ್ರೆ ಎಸೆಯುವ ಸದ್ದು ಕೇಳಿಸಿತು. ಭಾವ "ಹುಡುಕು" ಎಂದರು. ಫೋನು ಇಟ್ಟರು.

ಹುಡುಕು. ಆ ಮಾತು ಅವಳ ಒಳಗೆ ಎಲ್ಲಿಗೋ ಹೋಗಿ ತಾಗಿತು. ಹಿಂದೊಮ್ಮೆ ಇದೇ ದನಿಯಲ್ಲಿ, ಹೀಗೇ, ಎಲ್ಲಿ ಕೇಳಿದ್ದು? ಕಣ್ಣಿಗೆ ಬಿಳಿ ಪಟ್ಟಿ, ಸ್ಪಿರಿಟಿನ ವಾಸನೆ. ಬೇಡ, ಈಗ ಅದಲ್ಲ. ಅವಳು ತಂತಿಯನ್ನು ಹಿಡಿದು ಹೊರಟಳು. ಉತ್ತರ ಕೊಟ್ಟದ್ದು ಯಾವ ಹುಟ್ಟುಮಚ್ಚೆಯ ಯಂತ್ರ ಎಂದು ಕಂಡುಕೊಂಡು, ತಂತಿಗಳೆಲ್ಲ ಬಂದು ಸೇರುವ ಪೆಟ್ಟಿಗೆಯ ಯಾವ ತೂತಿನಲ್ಲಿ ಅದು ಕೂತಿದೆ ಎಂದು ನೋಡಿದಳು. ಏಳನೇ ತೂತು. ಅದರ ತಂತಿಗೆ ಭಾವನ ಕೈಬರಹದ ಚೀಟಿ, ಬರೀ ಒಂದು ಏಳು. ಆ ಏಳಿಗೆ ಅವರು ಯಾವಾಗಲೂ ಹಾಕುವ ಬಾಲ. ತಂತಿ ಚಾವಣಿಗೆ ಹತ್ತಿ, ಹಾಲು ದಾಟಿ, ನಿರ್ದೇಶಕರ ಕೋಣೆಯ ಮೇಲೆ ಹಾದು (ಅವಳು ಕತ್ತೆತ್ತಿ ನೋಡಿಕೊಂಡು ಹೋಗುವುದನ್ನು ಟೈಪಿಸ್ಟು ಬಾಯಿ ತೆರೆದು ನೋಡಿದಳು) ಕಾರಿಡಾರಿನ ಕೊನೆಯಲ್ಲಿ ನೀಲಿನಕ್ಷೆ ಕೋಣೆಯೊಳಗೆ ಇಳಿದಿತ್ತು. ನೀಲಿನಕ್ಷೆ ತೆಗೆಯುವುದು ನಿಂತು ಯಾವ ಕಾಲವಾಯಿತೋ; ಮೂಗು ಚುಚ್ಚುವ ಅಮೋನಿಯಾದ ವಾಸನೆ ಮಾತ್ರ ಗೋಡೆಗಳನ್ನು ಬಿಟ್ಟಿರಲಿಲ್ಲ. ಕಸ ಗುಡಿಸುವ ಆಯಾ ಪೊರಕೆ ಒರಗಿಸಿ ನೆಲದ ಮೇಲೆ ಕೂತಿದ್ದಳು, ಕೈಯಲ್ಲಿ ಒದ್ದೆ ಬಟ್ಟೆ. ದೊಡ್ಡ ಬೆಳಕಿನ ಮೇಜಿನ ಕೆಳಗೆ ಬೂದುಬಣ್ಣದ ಒಂದು ಡಬ್ಬಿ ಗುಂಯ್ಗುಡುತ್ತಿತ್ತು. ಮೈಮೇಲೆ ಒಂದು ಕಣ ಧೂಳಿರಲಿಲ್ಲ.

"ಇದನ್ನ ದಿನಾ ಒರೆಸ್ತೀಯಾ?"

"ದಿನಾ. ಅಜ್ಜ ಹೇಳಿ ಹೋಗಿದ್ರಲ್ಲ. ಗಾಳಿಕಿಂಡಿ ಮುಚ್ಚಬೇಡ, ಸ್ವಿಚ್ಚು ಮುಟ್ಟಬೇಡ, ಯಾರಾದ್ರೂ ಹುಡುಕ್ಕೊಂಡು ಬರ್ತಾರೆ ಅಂತ." ಆಯಾ ಮೊಣಕಾಲು ಹಿಡಿದುಕೊಂಡು ಎದ್ದಳು. "ಎರಡು ವರ್ಷ ಆಯ್ತು. ನೀವೇ ಮೊದಲು ಬಂದಿದ್ದು."

"ನನಗ್ಯಾಕೆ ಹೇಳಲಿಲ್ಲ?"

"ನೀವು ಕೇಳಲಿಲ್ಲ" ಎಂದಳು ಆಯಾ, ತಪ್ಪು ತನ್ನದೇನೂ ಅಲ್ಲ ಎಂಬಂತೆ, ಮತ್ತು ಬಕೆಟ್ಟು ಎತ್ತಿಕೊಂಡು ಹೊರಗೆ ಹೋದಳು. ಗುಡಿಸುವವಳಿಗೆ ಗೊತ್ತು. ಆಯಾಗೆ ಗೊತ್ತಿರುವುದು ಸರ್ವರಮ್ಮನಿಗೆ ಗೊತ್ತಿಲ್ಲ. ಅವಳಿಗೆ ಡಬ್ಬಿಯನ್ನು ಕಾಲಿನಿಂದ ಒದೆಯಬೇಕೆನ್ನಿಸಿತು. ತಂತಿ ಕಿತ್ತರೆ ಸಾಕು, ಎರಡು ನಿಮಿಷದ ಕೆಲಸ, ಹಾಲಿನಲ್ಲಿ ಎಲ್ಲವೂ ತಾನಾಗಿ ಸರಿಹೋಗುತ್ತದೆ. ಆದರೆ ಕಿತ್ತು ಹೋದರೆ ಇದರಲ್ಲಿ ಏನಿತ್ತು ಎಂದು ಯಾರಿಗೂ ತಿಳಿಯುವುದಿಲ್ಲ ಎಂಬ ಯೋಚನೆ ಬಂತು; ಅದು ಭಯವೋ ಆಸೆಯೋ ಎಂದು ಅವಳು ಬಿಡಿಸಿ ನೋಡಲು ಹೋಗಲಿಲ್ಲ. ಮೇಜಿನ ಮೇಲಿದ್ದ ಹಳೆಯ ಪರದೆಯನ್ನು ಹಚ್ಚಿದಳು. ಕೈ ಅಭ್ಯಾಸಬಲದಿಂದ ತನ್ನದೇ ಹೆಸರು ಒತ್ತಿತು, ಮೊದಲ ವರ್ಷದ ಗುಪ್ತಪದ ಒತ್ತಿತು. ಒಳಗೆ ಬಿಟ್ಟುಕೊಂಡಿತು. ಒಳಗೆ ಬಂದವರಿಗೆ ಯುನಿಕ್ಸು ಯಾವಾಗಲೂ ಹೇಳುವಂತೆ ಅವಳಿಗೂ ಹೇಳಿತು: ನೀನು ಹಿಂದೆ ಬಂದದ್ದು ಇಂಥ ದಿನ, ಇಂಥ ಹೊತ್ತು, ಇಂಥ ಯಂತ್ರದಿಂದ.

ಗುರುವಾರ. ಎರಡು ವರ್ಷದ ಹಿಂದೆ. ದೊಡ್ಡ ಡಿಸ್ಕು ಸತ್ತ ಎರಡನೇ ದಿನ. ತನ್ನ ಸ್ವಂತ ಮೇಜಿನಿಂದ.

ಅವಳು ನೆಲದ ಮೇಲೆ, ಆಯಾ ಕೂತಿದ್ದ ಒದ್ದೆ ಜಾಗದಲ್ಲೇ ಕೂತಳು. ಮರೆತಿದ್ದಳೇ? ಮರೆತಿದ್ದರೆ ಈಗ ಇಷ್ಟು ಬೇಗ ನೆನಪಾದದ್ದು ಹೇಗೆ? ಭಾವನಿಗೆ ಕಣ್ಣಿನ ಶಸ್ತ್ರಚಿಕಿತ್ಸೆಯಾಗಿ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದ್ದರು. ಅವಳು ಆಸ್ಪತ್ರೆಗೆ ಓಡಿ, ಮಂಚದ ಪಕ್ಕ ನಿಂತು, ಡಿಸ್ಕು ಹೋಯ್ತು ಭಾವ, ಯಾವ ಯಂತ್ರ ಎಲ್ಲಿಂದ ನಕ್ಷೆ ತೆಗೆಯುತ್ತೆ ನನಗೆ ಗೊತ್ತಿಲ್ಲ, ನಿರ್ದೇಶಕರು ನನ್ನ ಮೇಲೆ ಕೂಗ್ತಿದಾರೆ ಎಂದು ಅತ್ತಿದ್ದಳು. ಪಟ್ಟಿ ಕಟ್ಟಿದ ಮುಖ ಅವಳ ದನಿ ಬಂದ ಕಡೆ ತಿರುಗಿ, "ಎಲ್ಲಾ ಬರೆದಿದೀನಿ. ಇನ್ಸ್ಟಾಲ್ ಸರ್ವರಲ್ಲಿ ಇದೆ. ಹುಡುಕು" ಎಂದಿತ್ತು. ಹುಡುಕಿದಳು. ಡಬ್ಬಿ ಎಲ್ಲಿದೆ ಎಂದು ಕಣ್ಣಾರೆ ನೋಡಿರಲಿಲ್ಲ, ತನ್ನ ಮೇಜಿನಿಂದಲೇ ತಂತಿಯ ಮೂಲಕ ಹೊಕ್ಕು ನೋಡಿದ್ದಳು. ಸಿಕ್ಕಿತ್ತು. ಬೇಕಾದ ಹತ್ತು ಸಾಲನ್ನು ಒಂದು ಚೀಟಿಯ ಮೇಲೆ ಇಳಿಸಿಕೊಂಡು ಅರ್ಧ ಹಾಲನ್ನು ಎಬ್ಬಿಸಿದ್ದಳು. ಇನ್ನರ್ಧಕ್ಕೆ ಹೊಸ ಡಿಸ್ಕು ಬರುವವರೆಗೆ ಮೂರು ವಾರ ನಿರ್ದೇಶಕರ ಬೈಗುಳ ತಿಂದಿದ್ದಳು, ಅವರು ಕಟ್ಟಿದ್ದಕ್ಕೆ ಇವಳು, ಅವರು ಆಸ್ಪತ್ರೆಯಲ್ಲಿ ತಣ್ಣಗೆ ಮಲಗಿರಲು ಇವಳು. ಹತ್ತೊಂಬತ್ತನೇ ದಿನ ಸಮಿತಿಯವರು ಕಾಗದ ಮುಂದಿಟ್ಟಾಗ ಅವಳ ಕೈಯಲ್ಲಿ ಇದ್ದದ್ದು ನಿದ್ದೆಗೆಟ್ಟ ಸಿಟ್ಟು ಒಂದೇ. ಈ ಕಚೇರಿಯಲ್ಲಿ ದಾಖಲೆ ಎಂದರೆ ರಿಜಿಸ್ಟರು, ಅದಕ್ಕೊಂದು ನಂಬರು, ಮೇಲೊಂದು ದುಂಡು ಮೊಹರು. ಭಾವ ಬರೆದದ್ದು ಸರ್ವರಿನ ಪಟ್ಟಿಯ ನಡುನಡುವೆ, ಜಾಲರಿಯಂಥ # ಗುರುತು ಹಾಕಿದ ಸಾಲುಗಳಲ್ಲಿ. ಆ ಗುರುತು ಇದ್ದ ಸಾಲನ್ನು ಯಂತ್ರ ಓದುವುದಿಲ್ಲ, ದಾಟಿ ಹೋಗುತ್ತದೆ. ಯಂತ್ರವೇ ಓದದ್ದು ದಾಖಲೆ ಹೇಗಾದೀತು? ಹೀಗೆಂದು ಆಗ ಅಂದುಕೊಂಡಳೋ, ಆಮೇಲೆ ಕಟ್ಟಿಕೊಂಡಳೋ? ಸುಳ್ಳು ಹೇಳಿಲ್ಲ, 'ನನಗೆ ತಿಳಿದ ಮಟ್ಟಿಗೆ' ಎಂದಿದ್ದೇನೆ. ಎರಡು ವರ್ಷ ಆ ಮೂರು ಪದಗಳ ಮೇಲೆ ಒರಗಿ ನಿದ್ದೆ ಮಾಡಿದ್ದಳು. ಥೂ ನಿನ್ನ ತಿಳಿದ ಮಟ್ಟವೇ ಎಂದು ಗಟ್ಟಿಯಾಗಿಯೇ ಅಂದಳು.

ಕಡತ ತೆರೆದಳು. ಓದಬಾರದೆಂದುಕೊಂಡೂ ಓದಿದಳು. 'ಮೂರನೇ ಮೇಜು. ಮಧ್ಯಾಹ್ನ ಎರಡರ ಮೇಲೆ ಕಿಟಕಿ ಬಿಸಿಲು ಬಿದ್ದು ತಾನಾಗಿ ನಿಲ್ಲುತ್ತದೆ. ಡಿಸ್ಕಿನ ತಪ್ಪಲ್ಲ. ಕಿಟಕಿಗೆ ಪರದೆ ಹಾಕಿಸಿ.' 'ಹದಿನೇಳು. ಕೂರುವವರು ಎಡಗೈಯವರು. ಮೌಸು ಎಡಕ್ಕೆ. ಮರೆತರೆ ಬೈಯುತ್ತಾರೆ, ಬೈಸಿಕೊಳ್ಳಿ.' 'ಇಪ್ಪತ್ತೆರಡು. ನದಿ ನಕ್ಷೆ ಎರಡನೇ ಡಿಸ್ಕಿನಿಂದ. ಮೊದಲನೆಯದು ಸತ್ತರೂ ಇದಕ್ಕೆ ಏನೂ ಆಗುವುದಿಲ್ಲ, ಹೆದರಬೇಡಿ.' ಮೂವತ್ತೆರಡು ಯಂತ್ರ, ಪ್ರತಿಯೊಂದರ ಹುಟ್ಟುಮಚ್ಚೆ, ಪ್ರತಿಯೊಂದರ ಹಟ, ಯಾವ ದಿನ ಏನು ಬದಲಾಯಿಸಿದ್ದು, ಏಕೆ. ಹತ್ತು ವರ್ಷದ ತಾರೀಖುಗಳು. ಇದಕ್ಕಿಂತ ಚೆನ್ನಾಗಿ ಬರೆದಿಟ್ಟ ರಿಜಿಸ್ಟರು ಇಡೀ ಕಟ್ಟಡದಲ್ಲಿ ಇರಲಿಲ್ಲ. ಕೊನೆಯ ನಮೂದು ವಿಚಾರಣೆಗೆ ನಾಲ್ಕು ದಿನ ಮೊದಲಿನದು. 'ಪಟ್ಟಿ ಬಿಚ್ಚಿದ ಮೇಲೆ ಬಂದು ನೋಡಿದೆ. ಇವಳು ಗುರುವಾರ ಒಳಗೆ ಬಂದು ಇದನ್ನು ಓದಿ ಹದಿನಾರು ಯಂತ್ರ ಎಬ್ಬಿಸಿದ್ದಾಳೆ. ಒಂದೂ ತಪ್ಪಿಲ್ಲ. ಚೆನ್ನಾಗಿ ಮಾಡಿದ್ದಾಳೆ.'

ಅವಳಿಗೆ ಅಳು ಬರಲಿಲ್ಲ. ಬಂದದ್ದು ಕಣ್ಣು ಕತ್ತಲಿಡುವಂಥ ಸಿಟ್ಟು. ಇಷ್ಟು ಕೈಯಲ್ಲಿಟ್ಟುಕೊಂಡು ಆ ಮನುಷ್ಯ ಸಮಿತಿಯ ಮುಂದೆ ಬಾಯಿಗೆ ಬೀಗ ಹಾಕಿಕೊಂಡು ಕೂತದ್ದೇಕೆ? ಈ ಪುಟ ತೋರಿಸಿದ್ದರೆ ಸಾಕಿತ್ತು. ತೋರಿಸಿದ್ದರೆ ಇವಳ ಹೆಸರೂ ತೋರುತ್ತಿತ್ತು. ಓಹೋ. ಅದಕ್ಕೇ. ಎರಡು ವರ್ಷ ಕಾಲು ಹಿಂದಕ್ಕೆಳೆದು ದಾರಿ ಬಿಟ್ಟದ್ದು ಅದಕ್ಕೇ. ಯಾರು ಕೇಳಿದ್ದರು ಇವರನ್ನು ತ್ಯಾಗ ಮಾಡಿ ಎಂದು? ತನ್ನನ್ನು ಕಾಪಾಡಿದರು ಎಂಬುದು ಗೊತ್ತಾದ ಕೂಡಲೇ ಅವಳಿಗೆ ಅವರ ಕೊರಳುಪಟ್ಟಿ ಹಿಡಿದು ಅಲ್ಲಾಡಿಸಬೇಕೆನ್ನಿಸಿತು. ಕಡತವನ್ನು ಹಾಲಿನ ಪ್ರಿಂಟರಿಗೆ ಕಳಿಸಿದಳು. ಹೋಗಿ ನೋಡುವಷ್ಟರಲ್ಲಿ ನಲವತ್ತಾರು ಹಾಳೆ ಹೊರಗೆ ಬಿದ್ದಿತ್ತು, ಎಡಗೈಯವನು ಮೇಲಿನ ಹಾಳೆ ಓದುತ್ತಾ ನಿಂತಿದ್ದ. ಈ ಸಲ ನಗುತ್ತಿರಲಿಲ್ಲ. "ಬೈಸಿಕೊಳ್ಳಿ ಅಂತ ಬರೆದಿದಾರಲ್ಲ" ಎಂದ. ಅವನ ಕೈಯಿಂದ ಹಾಳೆ ಕಿತ್ತುಕೊಂಡು ಅವಳು ನಿರ್ದೇಶಕರ ಕೋಣೆಗೆ, ಬಾಗಿಲು ತಟ್ಟದೆ, ನುಗ್ಗಿದಳು.

ನಿರ್ದೇಶಕರು ನಾಲ್ಕೈದು ಹಾಳೆ ತಿರುವಿ, ಕನ್ನಡಕ ತೆಗೆದು, ಅದನ್ನು ಒರೆಸಿ ಮತ್ತೆ ಹಾಕಿಕೊಂಡರು. "ಸರಿ, ಡಬ್ಬಿ ಸಿಕ್ತಲ್ಲ. ತಂತಿ ಕಿತ್ತು ಗುಜರಿಗೆ ಹಾಕಿ. ನಾಳೆ ಮೂವತ್ತೆರಡೂ ಏಳ್ಬೇಕು."

"ಇದು ದಾಖಲೆ, ಸಾರ್. ಇದು ಇಲ್ಲ ಅಂತ ಅವರನ್ನ ಮನೆಗೆ ಕಳಿಸಿದ್ರಿ."

"ಕಳಿಸಿದ್ದು ನಾನಲ್ಲ, ಸಮಿತಿ. ಸಮಿತಿ ಅಂದ್ರೆ ನಿಮ್ಮ ಕಾಗದ." ಅವರ ದನಿ ಇದ್ದಕ್ಕಿದ್ದಂತೆ ಮೆತ್ತಗಾಯಿತು. "ನೋಡಿಮ್ಮಾ, ಬೂದಿ ಕೆದಕಿದ್ರೆ ಕೈಯೇ ಸುಡೋದು. ನೀವು ಜಾಣೆ, 'ತಿಳಿದ ಮಟ್ಟಿಗೆ' ಅಂತ ಬರೆದಿದೀರಿ. ಈಗ ತಿಳೀತು, ಆಗ ತಿಳಿದಿರಲಿಲ್ಲ. ಯಾರೂ ನಿಮ್ಮನ್ನ ಏನೂ ಅನ್ನೋ ಹಾಗಿಲ್ಲ. ಸುಮ್ಮನೆ ಹೋಗಿ ಕೆಲಸ ನೋಡ್ಕೊಳ್ಳಿ."

ತನ್ನದೇ ಮಾತು ಇನ್ನೊಬ್ಬರ ಬಾಯಿಂದ, ಇಷ್ಟು ನಯವಾಗಿ, ಇಷ್ಟು ಕರುಣೆಯಿಂದ ಬರುವುದನ್ನು ಅವಳು ಕೊನೆಯವರೆಗೆ ಕೇಳಿಸಿಕೊಂಡಳು. ಅವರ ಮೇಜಿನಿಂದಲೇ ಪೆನ್ನು ತೆಗೆದುಕೊಂಡಳು. ಮೇಲಿನ ಹಾಳೆಯ ಖಾಲಿ ಅಂಚಿನಲ್ಲಿ ಬರೆದಳು: 'ಈ ದಾಖಲೆ ಇರುವುದು ವಿಚಾರಣೆಗೆ ಮೊದಲೇ ನನಗೆ ತಿಳಿದಿತ್ತು. ಓದಿದ್ದೆ. ಇಲ್ಲವೆಂದು ಬರೆದುಕೊಟ್ಟದ್ದು ಸುಳ್ಳು.' ಸಹಿ ಹಾಕಿದಳು, ತಾರೀಖು ಹಾಕಿದಳು.

"ತಲೆ ಕೆಟ್ಟಿದೆಯಾ ನಿಮಗೆ? ಆ ಕುರ್ಚಿ ಹೋಗತ್ತೆ!"

"ಹೋಗ್ಲಿ ಬಿಡಿ. ಎರಡು ವರ್ಷದಿಂದ ಕಿರುಗುಟ್ತಿದೆ, ಒಂದು ತೊಟ್ಟು ಎಣ್ಣೆ ಹಾಕಿಸಿಲ್ಲ ನೀವು."

ಆವಕ ವಿಭಾಗದ ಗುಮಾಸ್ತ ಊಟದ ಡಬ್ಬಿ ಮುಚ್ಚುತ್ತಿದ್ದ. ನಲವತ್ತಾರು ಹಾಳೆಗೂ ಮೊಹರು ಬೇಕೇ ಎಂದು ಗೊಣಗಿದ. ಬೇಕು, ಪ್ರತಿ ಹಾಳೆಗೂ ಬೇಕು ಎಂದು ಅವಳು ಎದುರಿಗೇ ನಿಂತಳು. ನಂಬರು ಬಿತ್ತು, ದುಂಡು ಮೊಹರು ನಲವತ್ತಾರು ಸಲ ಬಿತ್ತು. ಜೆರಾಕ್ಸ್ ಮಾಡಿಸಿ ಒಂದು ಪ್ರತಿಯನ್ನು ಕಚೇರಿಗೆ ಬಿಟ್ಟು, ಒಂದನ್ನು ಚೀಲಕ್ಕೆ ಹಾಕಿಕೊಂಡಳು. ಡಬ್ಬಿಯ ತಂತಿಯನ್ನು ಮುಟ್ಟಲಿಲ್ಲ.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಭಾವ ವರಾಂಡದಲ್ಲಿ ಅಕ್ಕನ ಮಿಕ್ಸರನ್ನು ಬಿಚ್ಚಿ ಹರವಿಕೊಂಡು ಕೂತಿದ್ದರು. ಅವಳು ಚಪ್ಪಲಿಯನ್ನೂ ಬಿಡದೆ ಹಾಳೆಗಳನ್ನು ಮಿಕ್ಸರಿನ ಭಾಗಗಳ ಮೇಲೆಯೇ ಹಾಕಿದಳು. ಭಾವ ಕೈ ಒರೆಸಿಕೊಂಡು ಮೇಲಿನ ಹಾಳೆ ನೋಡಿದರು, ಅಂಚಿನಲ್ಲಿ ಬರೆದದ್ದನ್ನು ನೋಡಿದರು, ಮೊಹರನ್ನು ಬಹಳ ಹೊತ್ತು ನೋಡಿದರು.

"ಕಿತ್ತೆಯಾ?"

"ಇಲ್ಲ."

"ಯಾಕೆ ಕೀಳಲಿಲ್ಲ? ಒಂದೇ ತಂತಿ ಮೇಲೆ ಇಬ್ಬರು ಉತ್ತರ ಕೊಟ್ರೆ ಹಾಲಿನ ಗತಿ ಏನು? ಇಷ್ಟು ವರ್ಷ ಏನು ಕಲಿಸಿದೆ ನಿನಗೆ?" ಎಂದು ಭಾವ ಗುಡುಗಿದರು. ಎರಡು ವರ್ಷದಲ್ಲಿ ಅವರ ದನಿ ಇಷ್ಟು ಏರಿದ್ದು ಮೊದಲ ಸಲ. ಅವಳೂ ಕಾದಿದ್ದಳು.

"ನೀವು ಯಾಕೆ ಹೇಳಲಿಲ್ಲ ಸಮಿತಿ ಮುಂದೆ? ಯಾರು ಕೇಳಿದ್ರು ನಿಮ್ಮನ್ನ ಬಾಯಿ ಮುಚ್ಕೊಂಡು ಕೂರಿ ಅಂತ?"

"ಹೇಳಿದ್ರೆ ನೀನು ಬೀದಿಗೆ ಬೀಳ್ತಿದ್ದೆ. ಆಗ ನನ್ನ ತಮ್ಮನಿಗೂ ಕೆಲಸ ಇರಲಿಲ್ಲ. ಮನೆ ನಡೀಬೇಕಿತ್ತು." ಅವರು ಕೈಯಲ್ಲಿದ್ದ ಸ್ಕ್ರೂವನ್ನು ಮಿಕ್ಸರಿನ ಪಕ್ಕ ಇಟ್ಟರು. "ನೀನೇ ಹೇಳ್ತೀಯ ಅಂತ ಕಾದೆ. ಒಂದು ವಾರ. ಒಂದು ತಿಂಗಳು. ಆಮೇಲೆ ಕಾಯೋದೂ ಅಭ್ಯಾಸ ಆಯ್ತು. ಅದನ್ನ ಕ್ಷಮೆ ಅಂತ ತಿಳ್ಕೋಬೇಡ. ಒಂದೊಂದು ದಿನ ನಿನ್ನ ಕತ್ತು ಹಿಸುಕಬೇಕು ಅನ್ಸಿದೆ ನನಗೆ."

ಈ ಮಾತಿಗೆ ಅವಳಿಗೆ, ವಿಚಿತ್ರವಾಗಿ, ಉಸಿರು ಸಲೀಸಾಯಿತು. ಇನ್ನೂ ಏನಾದರೂ ಅನ್ನಲಿ ಎಂದು ನಿಂತಳು. ಭಾವ ಹಾಳೆಗಳನ್ನು ಅಂಚು ಕೂಡಿಸಿ ಜೋಡಿಸಿ, ಅವಳ ಕೈಗೇ ವಾಪಸು ಕೊಟ್ಟರು.

"ಇದು ನನಗೆ ಬೇಡ. ನನಗೆ ಗೊತ್ತಿರೋದೇ ಇದು. ಒಳಗೆ ಹೋಗಿ ನಿನ್ನ ಅಕ್ಕನಿಗೆ ಓದಿ ಹೇಳು."

ಅವಳು ಅಲ್ಲೇ ನಿಂತಳು. ನಿರ್ದೇಶಕರ ಮುಂದೆ ಇಲ್ಲದ ಹೆದರಿಕೆ ಈಗ ಬಂತು. ಅಕ್ಕ ನಂಬಿದ್ದು ಸಮಿತಿಯನ್ನಲ್ಲ, ನಿರ್ದೇಶಕರನ್ನಲ್ಲ. ಅವಳೇ ಬರೆದುಕೊಟ್ಟಿದಾಳಲ್ಲ, ಅವಳು ಸುಳ್ಳು ಹೇಳ್ತಾಳಾ ಎಂದು, ಇವಳ ಒಂದು ಸಾಲನ್ನು ನಂಬಿ, ಮೂವತ್ತು ವರ್ಷ ಜೊತೆಗೆ ಬಾಳಿದ ಗಂಡನಿಗೆ ಎರಡು ವರ್ಷ ಚಹದ ಲೋಟ ಕುಕ್ಕಿದವಳು. ಅದೇ ಕೈಯಿಂದ ಇವಳಿಗೆ ಇನ್ನೊಂದು ಲೋಟ ಬಗ್ಗಿಸಿ ಕೊಟ್ಟವಳು. ಇವಳು ಕುಡಿದಿದ್ದಳು, ದಿನಾ.

ಅಡುಗೆಮನೆಯಲ್ಲಿ ಅಕ್ಕ ಒಲೆಯ ಮುಂದೆ ನಿಂತು ಏನನ್ನೋ ಕಲಕುತ್ತಿದ್ದಳು. "ಏನದು ಹೊರಗೆ ಕಿರುಚಾಟ? ಅವರಿಗೆ ಬಾಯಿ ಬಂತಾ ಕೊನೆಗೂ?" ಎಂದು ತಿರುಗದೆ ಕೇಳಿದಳು. ಇವಳು ಹಾಳೆಯನ್ನು ಬೆಳಕಿಗೆ ಹಿಡಿದಳು. ಅಂಚಿನಲ್ಲಿ ತಾನು ಬರೆದದ್ದನ್ನು ಮೊದಲು ಓದಿದಳು, ಒಂದು ಪದವನ್ನೂ ಬಿಡದೆ. ಅಕ್ಕನ ಸೌಟು ನಿಂತಿತು. ಪಾತ್ರೆಯಲ್ಲಿ ಕುದಿಯುತ್ತಿದ್ದದ್ದು ಉಕ್ಕಿ ಒಲೆಯ ಮೇಲೆ ಚೆಲ್ಲಿ ಸುಟ್ಟ ವಾಸನೆ ಬಂದಮೇಲೆ ಅಕ್ಕ ಕೈ ಚಾಚಿ ಒಲೆ ಆರಿಸಿದಳು. ಇನ್ನೂ ತಿರುಗಲಿಲ್ಲ.

"ಇನ್ನೊಂದು ಸಲ ಓದು" ಎಂದಳು. "ಗಟ್ಟಿಯಾಗಿ. ಅವರಿಗೂ ಕೇಳಿಸಲಿ."